ಆರ್ಡಿಸಳ ಗಾಡಿಯ ಫ್ರಿಜ್ಜು ಮತ್ತು ಹೀಟರು

ಹಾಲಿನ ಡಬ್ಬಿಯನ್ನು ಫ್ರಿಜ್ಜಿನೊಳಗೆ ಇಡುವುದಕ್ಕಿಂತ ಹೊರಗೆ ಗಾಡಿಯ ಸೀಟಿನ ಮೇಲಿಟ್ಟರೆ ಹೆಚ್ಚು ತಣ್ಣಗಿರುತ್ತದೆ ಎಂದು ಮೊದಲು ಕಂಡುಹಿಡಿದವನು ವರ್ಜಿಲ್ ವಾವ್ರಾ. ದಕ್ಷಿಣದ ಮರುಭೂಮಿಯ ಡೆಮಿಂಗ್ ಪಟ್ಟಣದಾಚೆ, ಬೆಟ್ಟದ ಬುಡದ ಕ್ಯಾಂಪಿಗೆ ಹೆಂಡತಿ ಆರ್ಡಿಸ್ ಜೊತೆ ಅವನು ಬಂದಿಳಿದ ಮಾರನೆಯ ಬೆಳಗು ಅದು. ಅವನು ಮೈಮೇಲೆ ಎರಡು ಕೋಟು ಹಾಕಿಕೊಂಡು, ಕಿವಿ ಮುಚ್ಚುವ ಟೊಪ್ಪಿಗೆ ಇಟ್ಟುಕೊಂಡು, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

"ನಮ್ಮ ಅದೃಷ್ಟ ನೋಡು ಆರ್ಡಿಸ್," ಅಂದ. "ಬೆಚ್ಚಗಿರೋ ಫ್ರಿಜ್ಜು, ತಣ್ಣಗಿರೋ ಹೀಟರು. ಎರಡನ್ನೂ ಅದಲುಬದಲು ಮಾಡಿಬಿಟ್ರೆ ಎಲ್ಲ ಸರಿಹೋಗುತ್ತೆ."

ಆರ್ಡಿಸ್ ನಗಲಿಲ್ಲ. ಅವಳು ಮಂಡಿಯೂರಿ ಕೂತು ಫ್ರಿಜ್ಜಿನೊಳಗೆ ಮೊಣಕೈವರೆಗೆ ಕೈ ಹಾಕಿದ್ದಳು.

"ವರ್ಜಿಲ್, ಇದು ಮನೇಲಿದ್ದಾಗ ಐಸ್ ಮಾಡ್ತಿತ್ತು. ಇಲ್ಲಿ ಯಾಕೆ ಮಾಡ್ತಿಲ್ಲ?"

"ಹಳೇದು ಕಣೇ. ವಯಸ್ಸಾಗಿದೆ."

"ವಯಸ್ಸಾಗೋದು ಒಂದು ಕಾರಣವಾ? ನಿನಗೂ ಆಗಿದೆ. ನೀನು ನಡೀತಾ ಇಲ್ವಾ?"

"ಬೆಳಗಿನ ಹೊತ್ತು ಅಷ್ಟೇನೂ ಇಲ್ಲ," ಅಂದ ವರ್ಜಿಲ್.

ಹೀಗೆ ಕೇಳುವುದು ಆರ್ಡಿಸಳಿಗೆ ಹೊಸದಲ್ಲ. ನೆಬ್ರಾಸ್ಕಾದ ಅವರ ಊರಿನಲ್ಲಿ, ಮನೆಯ ನೆಲಮಾಳಿಗೆಯಲ್ಲಿ, ಅವಳು ಹೆಂಗಸರ ಕೂದಲು ಕತ್ತರಿಸಿ ಸುರುಳಿ ಹಾಕಿ ಬಣ್ಣ ಬಳಿದು ಒಂದು ಆಯುಸ್ಸನ್ನೇ ಕಳೆದವಳು. ಕತ್ತರಿ ಕೈಲಿದ್ದಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. ಹಸು ಎಷ್ಟು ಹೊತ್ತು ಮಲಗುತ್ತದೆ, ಪಿಯಾನೋ ಯಾಕೆ ಅಪಶ್ರುತಿಯಾಗುತ್ತದೆ, ಹೆಣ ಕಾಯುವವರಿಗೆ ರಾತ್ರಿ ಹೆದರಿಕೆಯಾಗುವುದಿಲ್ಲವೇ, ಇವೆಲ್ಲ ಅವಳಿಗೆ ಗೊತ್ತಿತ್ತು. ಯಾಕೆಂದರೆ ಹಸು ಸಾಕುವವಳು, ಪಿಯಾನೋ ನುಡಿಸುವವಳು, ಶವಸಂಸ್ಕಾರದವನ ಹೆಂಡತಿ, ಎಲ್ಲರೂ ಅವಳ ಕುರ್ಚಿಯಲ್ಲಿ ಕೂತು ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡವರೇ. ಎದ್ದು ಓಡಲು ಆಗದ ಸ್ಥಿತಿಯಲ್ಲಿ ಯಾರಾದರೂ ಉತ್ತರ ಕೊಡುತ್ತಾರೆ ಎಂದು ವರ್ಜಿಲ್ ಗೆಳೆಯರಿಗೆ ಹೇಳಿ ನಗುತ್ತಿದ್ದ. ಅವನೋ ಊರಿನ ಧಾನ್ಯದ ಗೋದಾಮಿನಲ್ಲಿ ದುಡಿದವನು. ಲಾರಿ ಬರಬೇಕು, ಕಾಳು ಹಿಡಿದು ನೋಡಬೇಕು, ಲಾರಿ ಹೋಗಬೇಕು. ನಿವೃತ್ತನಾದ ಮೇಲೆ ಅವನಿಗೆ ಬೇಕಾಗಿದ್ದು ಬಿಸಿಲು, ಇಸ್ಪೀಟು ಮತ್ತು ಯಾರೂ ಏನೂ ಕೇಳದ ಚಳಿಗಾಲ.

ಆ ಚಳಿಗಾಲಕ್ಕಾಗಿಯೇ ಅವರು ಹಳೆಯ ಮೋಟಾರ್‌ಹೋಮ್ ಒಂದನ್ನು ಕೊಂಡಿದ್ದರು. ಮುಂದೆ ಸ್ಟೇರಿಂಗು, ಹಿಂದೆ ಮಂಚ, ನಡುವೆ ಒಲೆ, ಸಿಂಕು, ಊಟದ ಮೇಜು. ಬದಿಗೆ ಕಂದು ಪಟ್ಟೆ, ಒಳಗೆ ಕಿತ್ತಳೆ ಬಣ್ಣದ ಪರದೆ. ಮಾರಿದವನು ಡ್ವೇನ್ ಎಂಬ ಹುಡುಗಾಟದ ಮನುಷ್ಯ. "ನಮ್ಮ ಸೋದರತ್ತೇದು. ವರ್ಷಗಟ್ಟಲೆ ಶೆಡ್ಡಲ್ಲೇ ಇತ್ತು. ನಾಯಿ ಬೆಕ್ಕು ಒಳಗೆ ಕಾಲಿಟ್ಟಿಲ್ಲ," ಅಂದಿದ್ದ. ಅವನ ಅಂಗಳದಲ್ಲಿ ಕರೆಂಟಿಗೆ ಚುಚ್ಚಿ ತೋರಿಸಿದಾಗ ಫ್ರಿಜ್ಜು ತಣ್ಣಗೆ ನಿಂತಿತ್ತು. ಬೇಸಿಗೆಯ ಕೊನೆಯಾದ್ದರಿಂದ ಹೀಟರ್ ಹಾಕಿ ನೋಡುವ ಯೋಚನೆ ಯಾರಿಗೂ ಬಂದಿರಲಿಲ್ಲ. ಈಗ ಈ ಬೆಟ್ಟದ ಬುಡದಲ್ಲಿ ಅವರು ಹಿಡಿದ ಜಾಗಕ್ಕೆ ಕರೆಂಟಿಲ್ಲ. ಎರಡೂ ಗ್ಯಾಸಿನ ಮೇಲೆಯೇ ಓಡಬೇಕು. ಎರಡೂ ಓಡುತ್ತಿರಲಿಲ್ಲ.

ಸುದ್ದಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ತಿಂಡಿ ಮುಗಿಯುವ ಹೊತ್ತಿಗೆ ಕ್ಯಾಂಪಿನ ಗಂಡಸರು ಒಬ್ಬೊಬ್ಬರಾಗಿ ಕಾಫಿ ಲೋಟದ ಸಮೇತ ಬಂದು ಗಾಡಿಯ ಸುತ್ತ ನಿಂತರು. ಒಬ್ಬ ಫ್ರಿಜ್ಜನ್ನು ಬಿಚ್ಚಿ ತಲೆಕೆಳಗು ಮಾಡಿ ಒಂದು ದಿನ ಇಡಬೇಕು ಅಂದ. ಇನ್ನೊಬ್ಬ ರಬ್ಬರಿನ ಸುತ್ತಿಗೆಯಲ್ಲಿ ಹಿಂಭಾಗಕ್ಕೆ ಬಾರಿಸಬೇಕು ಅಂದ. ಮೂರನೆಯವನು ಎರಡನ್ನೂ ಕಿತ್ತೆಸೆದು ಹೊಸದು ಹಾಕಿಸಿ ಅಂದ. ಪ್ರತಿಯೊಬ್ಬನಿಗೂ ಆರ್ಡಿಸ್ ಒಂದೇ ಪ್ರಶ್ನೆ ಕೇಳಿದಳು: "ಯಾಕೆ?"

ತಲೆಕೆಳಗಿನವನು ತಲೆ ಕೆರೆದುಕೊಂಡ. ಸುತ್ತಿಗೆಯವನು, "ಯಾಕೆ ಅಂದ್ರೆ? ನಮ್ಮ ಭಾವನ ಗಾಡೀಲಿ ಹಾಗೆ ಮಾಡಿದ್ವಿ," ಅಂದ.

"ಸರಿಹೋಯ್ತಾ?"

"ಇಲ್ಲ. ಆದ್ರೆ ಮನಸ್ಸಿಗೆ ಸಮಾಧಾನ ಆಯ್ತು."

ಅವರೆಲ್ಲ ಹೋದ ಮೇಲೆ ಬಂದವಳು ಪಕ್ಕದ ಜಾಗದ ಇನೇಜ್ ಅರಿಯೆಟಾ. ಬೆಲೆನ್ ಊರಿನ ಮುದುಕಿ, ಎಂಬತ್ತರ ಹತ್ತಿರದ ವಯಸ್ಸು, ಪುಟ್ಟ ಟ್ರೇಲರಿನಲ್ಲಿ ಒಬ್ಬಳೇ ಪ್ರತಿ ಚಳಿಗಾಲ ಇಲ್ಲಿಗೆ ಬರುವವಳು. ಕೈಯಲ್ಲಿ ಹಸಿರು ಮೆಣಸಿನಕಾಯಿಯ ಸಾರಿನ ಪಾತ್ರೆ ಇತ್ತು, ಕಂಕುಳಲ್ಲಿ ಮೇಸ್ತ್ರಿಗಳು ಮಟ್ಟ ನೋಡುವ ರಸಮಟ್ಟ. ಸಾರನ್ನು ವರ್ಜಿಲನಿಗೆ ಕೊಟ್ಟು ರಸಮಟ್ಟವನ್ನು ಫ್ರಿಜ್ಜಿನ ಒಳಹಲಗೆಯ ಮೇಲಿಟ್ಟು ಬಗ್ಗಿ ನೋಡಿದಳು. ಗುಳ್ಳೆ ಒಂದು ಮೂಲೆಗೆ ಓಡಿತು.

"ಗಾಡಿ ವಾಲಿದೆ ಮಗಳೇ. ಈ ಫ್ರಿಜ್ಜುಗಳು ವಾಲಿದ್ರೆ ಕೆಲಸ ಮಾಡಲ್ಲ. ಮೊದಲು ಚಕ್ರದಡಿ ಹಲಗೆ ಕೊಡಿ."

"ಯಾಕೆ ಮಾಡಲ್ಲ?"

ಇನೇಜ್ ಅವಳ ಮುಖ ನೋಡಿದಳು. ಈ ಪ್ರಶ್ನೆಯನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲವೋ ಏನೋ, ಮುದುಕಿಗೆ ಸಂತೋಷವಾದಂತಿತ್ತು. ಅವಳು ಮೆಟ್ಟಿಲ ಮೇಲೆ ಕೂತಳು.

"ನಮ್ಮಪ್ಪ ರೈಲ್ವೆಯ ಮಂಜುಗಡ್ಡೆ ಕಾರ್ಖಾನೇಲಿ ಇದ್ದ. ಕ್ಯಾಲಿಫೋರ್ನಿಯಾದಿಂದ ಹಣ್ಣು ಬರೋ ಬೋಗಿಗಳಿಗೆ ಐಸ್ ತುಂಬೋರು. ಅಲ್ಲೂ ಇದೇ ಅಮೋನಿಯಾ. ಇದರೊಳಗೆ ನೀರಲ್ಲಿ ಬೆರೆಸಿರ್ತಾರೆ. ಕೆಳಗೆ ಒಂದು ಸಣ್ಣ ಉರಿ. ಉರಿ ಕಾಯಿಸಿದ್ರೆ ಅಮೋನಿಯಾ ನೀರನ್ನ ಬಿಟ್ಟು ಮೇಲೆ ಹತ್ತುತ್ತೆ. ಮೇಲೆ ಹೋಗಿ ತಣ್ಣಗಾಗಿ ದ್ರವ ಆಗುತ್ತೆ. ಆಮೇಲೆ ಮತ್ತೆ ಆವಿಯಾಗ್ತಾ ಒಳಗಿನ ಬಿಸಿನೆಲ್ಲ ಎಳ್ಕೊಂಡು ಕೆಳಗಿಳಿಯುತ್ತೆ. ಪಂಪಿಲ್ಲ, ಮೋಟಾರಿಲ್ಲ. ಬರೀ ಇಳಿಜಾರಿನ ಆಟ. ಗಾಡಿ ವಾಲಿದ್ರೆ ಅದು ದಾರೀಲಿ ಎಲ್ಲೋ ನಿಂತುಬಿಡುತ್ತೆ."

ಆರ್ಡಿಸ್ ಬಾಯಿ ತೆರೆದು ಕೇಳುತ್ತಿದ್ದಳು. "ಅಂದ್ರೆ ಬೆಂಕಿ ಹಚ್ಚಿ ಐಸ್ ಮಾಡ್ತೀವಿ ಅನ್ನಿ."

"ಅಷ್ಟೇ."

"ಅಮೋನಿಯಾ ಅಂದ್ರೆ ಕೂದಲಿನ ಬಣ್ಣದಲ್ಲಿ ಇರುತ್ತಲ್ಲ, ಮೂಗಿಗೆ ಹೊಡೆಯೋದು, ಅದೇನಾ?"

"ಅದೇ."

ಆರ್ಡಿಸ್ ಥಟ್ಟನೆ ಎದ್ದಳು. ಗಾಡಿಯ ಹೊರಬದಿಗೆ ಹೋಗಿ ಫ್ರಿಜ್ಜಿನ ಹಿಂದಿನ ಜಾಲರಿಯ ಮುಚ್ಚಳ ತೆಗೆದು ಒಳಗೆ ತಲೆ ತೂರಿಸಿದಳು. ಮೂಸಿದಳು. ಮೇಲೆ ಮೂಸಿದಳು, ಕೆಳಗೆ ಮೂಸಿದಳು, ಕೊಳವೆಗಳ ಸಂದಿಯಲ್ಲಿ ಮೂಸಿದಳು. ವರ್ಜಿಲ್ ಸಾರಿನ ಚಮಚ ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದು ನೋಡಿದ.

"ಏನು ಮಾಡ್ತಿದೀಯ?"

"ವಾಸನೆ ಇಲ್ಲ ವರ್ಜಿಲ್! ಅಮೋನಿಯಾ ಒಂದು ಹನಿ ಸೋರಿದ್ರೂ ನನ್ನ ಮೂಗಿಗೆ ಗೊತ್ತಾಗುತ್ತೆ. ಇಷ್ಟು ವರ್ಷ ಅದರ ಮೇಲೇ ಉಸಿರಾಡಿದೀನಿ. ಒಳಗಿನ ಭಾಗ ಸರಿಯಾಗೇ ಇದೆ. ಕರೆಂಟಲ್ಲಿ ಐಸ್ ಮಾಡಿದ್ದೂ ಅದಕ್ಕೇ. ಕೆಟ್ಟಿರೋದು ಬೆಂಕಿ."

"ಬೆಂಕಿ ಹೇಗೆ ಕೆಡುತ್ತೆ?" ಅಂದ ವರ್ಜಿಲ್. ತಾನೂ ಒಂದು ಪ್ರಶ್ನೆ ಕೇಳಿಬಿಟ್ಟೆನಲ್ಲ ಎಂದು ಆಮೇಲೆ ಹೊಳೆದು ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಹೋದ.

ಹಲಗೆ ಕೊಟ್ಟು ಗಾಡಿಯನ್ನು ಮಟ್ಟ ಮಾಡಿ ಫ್ರಿಜ್ಜಿಗೆ ಉರಿ ಹಚ್ಚಿದರು. ಆರ್ಡಿಸ್ ನೆಲದ ಮೇಲೆ ಅಂಗಾತ ಮಲಗಿ, ಕೈಗನ್ನಡಿಯನ್ನು ಕೊಳವೆಯ ಬುಡಕ್ಕೆ ಹಿಡಿದು ನೋಡಿದಳು. ಗಿರಾಕಿಗಳಿಗೆ ತಲೆಯ ಹಿಂಭಾಗ ತೋರಿಸುತ್ತಿದ್ದ ಅದೇ ಕನ್ನಡಿ. ಅದರಲ್ಲಿ ಹಳದಿ ಉರಿಯೊಂದು ನಿದ್ದೆಗಣ್ಣಿನಲ್ಲಿ ಎದ್ದ ಹಾಗೆ ತೂಗಾಡುತ್ತಿತ್ತು.

ಇನೇಜ್ ಪಕ್ಕದಲ್ಲಿ ಬಗ್ಗಿ, "ನೀಲಿ ಇರಬೇಕು. ಒಲೆ ಥರಾನೇ. ಹಳದಿ ಅಂದ್ರೆ ಉಸಿರು ಕಟ್ಟಿದೆ ಅದಕ್ಕೆ," ಅಂದಳು. "ಮೊದಲು ಸಿಲಿಂಡರ್ ಬಂದ್ ಮಾಡು. ಉರಿ ಆರಿ ಎಲ್ಲ ತಣ್ಣಗಾಗೋವರೆಗೂ ಕೈ ಹಾಕಬೇಡ. ನಾನು ಇಲ್ಲೇ ಕಾವಲು ಕೂತಿರ್ತೀನಿ, ನಿನ್ನ ಮೇಲೆ ನಂಬಿಕೆ ಇಲ್ಲ."

ತಣ್ಣಗಾದ ಮೇಲೆ ಆರ್ಡಿಸ್ ತನ್ನ ಹಳೆಯ ಕಸುಬಿನ ಪೆಟ್ಟಿಗೆ ತಂದಳು. ಬಣ್ಣ ಬಳಿಯುವ ಚಪ್ಪಟೆ ಕುಂಚ, ಇಲಿಬಾಲದಂಥ ಸಪೂರ ಹಿಡಿಯ ಬಾಚಣಿಗೆ, ಕುತ್ತಿಗೆಯ ಕೂದಲು ಜಾಡಿಸುವ ಮೆತ್ತನೆಯ ಬ್ರಶ್ಶು. ಉರಿಯ ಮೇಲಿನ ಚಿಮಣಿ ಕೊಳವೆಯಿಂದ ವರ್ಷಾನುಗಟ್ಟಲೆಯ ತುಕ್ಕು ಚಕ್ಕೆಚಕ್ಕೆಯಾಗಿ ಉದುರಿ ಉರಿಯ ಬಾಯಿಯ ಮೇಲೆ ಕೂತಿತ್ತು. ಗ್ಯಾಸಿಗೆ ಗಾಳಿ ಸೇರುವ ಕಿಂಡಿಯಲ್ಲಿ ಜೇಡವೊಂದು ದಟ್ಟ ಬಿಳಿ ಗೂಡು ಕಟ್ಟಿತ್ತು. ಅವಳು ಬಾಚಣಿಗೆಯ ಬಾಲದಿಂದ ಗೂಡನ್ನು ಎಳೆದು, ಕುಂಚದಿಂದ ತುಕ್ಕು ಗುಡಿಸಿ, ಊದಿ, ಮತ್ತೆ ಗುಡಿಸಿದಳು. ಮುಖವೆಲ್ಲ ಕರಿ. ಜೋಡಿಸಿದ ಕೀಲುಗಳಿಗೆ ಇನೇಜ್ ಸಾಬೂನು ನೊರೆ ಹಚ್ಚಿಸಿ ಗುಳ್ಳೆ ಏಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕಡ್ಡಿ ಗೀರಲು ಬಿಟ್ಟಳು.

ಉರಿ ನೀಲಿಯಾಗಿ, ಮೊನಚಾಗಿ, ಸಣ್ಣಗೆ ಗುರ್ರೆನ್ನುತ್ತ ಎದ್ದಿತು.

"ಏ ವರ್ಜಿಲ್, ಬಾ ಇಲ್ಲಿ, ನೋಡು!"

"ಐಸ್ ಆದಾಗ ಕರಿ," ಎಂದು ಒಳಗಿನಿಂದ ಉತ್ತರ ಬಂತು.

ಐಸ್ ಆಗಲು ಮಾರನೆಯ ಬೆಳಗಿನವರೆಗೂ ಬೇಕಾಯಿತು. ಆ ಸಂಜೆಯೆಲ್ಲ ಆರ್ಡಿಸ್ ಸುಮ್ಮನಿರಲಾರದೆ ಒಮ್ಮೆ ಒಳಗೆ ಬಂದು ಫ್ರಿಜ್ಜಿನ ಗೋಡೆ ಮುಟ್ಟುವಳು, ಒಮ್ಮೆ ಹೊರಗೆ ಹೋಗಿ ಕೊಳವೆ ಮುಟ್ಟುವಳು. ಹೊರಗೆ ಮೇಲಿನ ಕೊಳವೆ ಸುಡುತ್ತಿತ್ತು, ಒಳಗೆ ಲೋಹದ ರೆಕ್ಕೆಗಳು ಮೆಲ್ಲಗೆ ಥಂಡಿಯಾಗುತ್ತಿದ್ದವು. ಬಾಗಿಲು ಹೀಗೆ ತೆಗೆಯುತ್ತಲೇ ಇದ್ದರೆ ಯಾವ ಜನ್ಮಕ್ಕೂ ಐಸ್ ಆಗುವುದಿಲ್ಲ ಎಂದು ವರ್ಜಿಲ್ ಗದರಿದ. ಬೆಳಿಗ್ಗೆ ಟ್ರೇಯಿಂದ ಐಸಿನ ತುಂಡೊಂದನ್ನು ಕಿತ್ತು ತಂದು ಅವಳು ಅವನ ಕುತ್ತಿಗೆಯ ಹಿಂದೆ ಇಟ್ಟಳು. ಎರಡು ಕೋಟಿನೊಳಗಿಂದ ಬಂದ ಕೂಗು ಇನೇಜಳ ಟ್ರೇಲರಿನವರೆಗೂ ಕೇಳಿಸಿತು.

ಇನ್ನುಳಿದದ್ದು ಹೀಟರು. ಗುಂಡಿ ತಿರುಗಿಸಿದರೆ ಅದು ಟಕ್ ಎನ್ನುತ್ತಿತ್ತು. ಫ್ಯಾನು ತಿರುಗಲು ಶುರುವಾಗಿ ಕಾಲ ಬಳಿಯ ಜಾಲರಿಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಆಮೇಲೆ ಏನೂ ಇಲ್ಲ. ತಣ್ಣನೆ ಗಾಳಿ, ಮತ್ತೂ ತಣ್ಣನೆ ಗಾಳಿ. ಉರಿ ಹೊತ್ತುವ ಸದ್ದೇ ಇಲ್ಲ.

ಆರ್ಡಿಸ್ ನೆಲಕ್ಕೆ ಕಿವಿಯಿಟ್ಟು ಮತ್ತೆ ಮತ್ತೆ ಕೇಳಿದಳು. ಆಮೇಲೆ ಇನೇಜಳ ಟ್ರೇಲರಿಗೆ ಹೋಗಿ ಅಲ್ಲಿನ ಹೀಟರನ್ನೂ ಹಾಗೆಯೇ ಹಾಕಿಸಿ ಕೇಳಿದಳು. ಅಲ್ಲಿ ಮೊದಲು ಟಕ್, ಫ್ಯಾನು, ಆಮೇಲೆ ಇನ್ನೊಂದು ಸಣ್ಣ ಟಿಕ್, ಆಮೇಲೆ ಚಟಪಟ ಕಿಡಿ, ಭುಸ್ ಎಂದು ಉರಿ.

"ನನ್ನದರಲ್ಲಿ ನಡುವಿನ ಟಿಕ್ ಇಲ್ಲ. ಅದೇನದು?"

"ಅದು ಗಾಳಿ ತಗಡಿನ ಸದ್ದು," ಅಂದಳು ಇನೇಜ್. "ಫ್ಯಾನಿನ ಗಾಳಿಗೆ ಒಂದು ತೆಳು ತಗಡು ಏಳುತ್ತೆ. ಎದ್ರೆ ಮಾತ್ರ ಗ್ಯಾಸ್ ಬಿಡುತ್ತೆ. ಗಾಳಿ ಇಲ್ದೆ ಉರಿ ಹೊತ್ತಿದ್ರೆ ಅಪಾಯ ನೋಡು. ನಿಂದು ಏಳ್ತಿಲ್ಲ."

"ಯಾಕೆ ಏಳ್ತಿಲ್ಲ?"

"ಹೋಗಿ ಅದನ್ನೇ ಕೇಳು!"

ಸಿಲಿಂಡರ್ ಬಂದ್, ಬ್ಯಾಟರಿಯ ತಂತಿ ಬಿಚ್ಚು, ಸ್ಕ್ರೂ ತೆಗೆದು ಹೀಟರಿನ ಪೆಟ್ಟಿಗೆಯನ್ನೇ ಹೊರಗೆಳೆ. ಭಾರ ಎತ್ತಲು ವರ್ಜಿಲ್ ಬರಲೇಬೇಕಾಯಿತು. ಊಟದ ಮೇಜಿನ ಮೇಲೆ ಇಟ್ಟು ಫ್ಯಾನಿನ ಗೂಡು ಬಿಚ್ಚಿದಾಗ ಒಳಗಿಂದ ಸತ್ತ ಇಲಿಯಂಥ ಬೂದು ಉಂಡೆಯೊಂದು ಮೇಜಿನ ಮೇಲೆ ಉರುಳಿತು. ಇನೇಜ್ ಹಿಂದೆ ಸರಿದಳು.

"ನಾಯಿ ಕೂದಲು," ಅಂದ ವರ್ಜಿಲ್. "ಆ ಡ್ವೇನ್ ಮಹಾ ಸುಳ್ಳ. ನಾಯಿ ಬೆಕ್ಕು ಕಾಲಿಟ್ಟಿಲ್ಲ ಅಂದಿದ್ನಲ್ಲ!"

ಆರ್ಡಿಸ್ ಉಂಡೆಯನ್ನು ಬೆಳಕಿಗೆ ಹಿಡಿದಳು. ಕನ್ನಡಕ ಮೇಲೇರಿಸಿ ಒಂದೆಳೆ ಎಳೆದಳು. ಬೆರಳ ನಡುವೆ ಉಜ್ಜಿದಳು. ಇನ್ನೊಂದೆಳೆ ಎಳೆದಳು. ಅವಳ ಮುಖ ನೋಡಿ ವರ್ಜಿಲ್ ಬೈಗುಳ ನಿಲ್ಲಿಸಿದ.

"ಇದು ನಾಯೀದಲ್ಲ, ಮನುಷ್ಯರದು. ಅದೂ ಉದುರಿದ ಕೂದಲಲ್ಲ, ಕತ್ತರಿಸಿದ್ದು. ಉದುರಿದ್ರೆ ಬುಡದಲ್ಲಿ ಬಿಳೀ ಗುಂಡು ಇರುತ್ತೆ. ಇದಕ್ಕೆ ಎರಡೂ ತುದಿ ಮೊಂಡು. ಮತ್ತೆ ಒಬ್ಬರದಲ್ಲ ವರ್ಜಿಲ್. ಇದು ಕೆಂಪು, ಇದು ದಪ್ಪ ಕಪ್ಪು, ಇದು ನರೆತದ್ದು, ಇದು ಮಗುವಿನ ಕೂದಲಷ್ಟು ನುಣುಪು. ಎಲ್ಲ ಗಿಡ್ಡ. ಗಂಡಸರದು. ಈ ಗಾಡೀಲಿ ಕೂತು ಯಾರೋ ಒಂದು ಗುಂಪಿಗೇ ಕ್ಷೌರ ಮಾಡಿದಾರೆ!"

"ಗಾಡೀಲಾ? ಯಾರು?"

"ಅದೇ ನನಗೂ ಬೇಕು."

ಅವಳು ಉಂಡೆಯನ್ನು ಬಿಡಿಸುತ್ತ ಹೋದಳು. ಕೂದಲ ನಡುವೆ ಹೊಟ್ಟಿನ ತುಣುಕುಗಳು, ಕಡ್ಡಿಯಂಥ ಉದ್ದನೆಯ ಎಳೆಗಳು. ಅವನ್ನು ಬದಿಗೆ ತಳ್ಳಲು ಹೋದಾಗ ವರ್ಜಿಲನ ಕೈ ಅಡ್ಡ ಬಂತು. ಅವನು ಒಂದೆರಡು ಎಳೆಗಳನ್ನು ಅಂಗೈಯಲ್ಲಿಟ್ಟು ಕಿಟಕಿಯ ಬಳಿ ಹೋದ. ಬೆರಳಿನಿಂದ ಉಜ್ಜಿದ. ಗೋದಾಮಿನಲ್ಲಿ ಲಾರಿಯ ಕಾಳನ್ನು ಹಿಡಿದು ನೋಡುತ್ತಿದ್ದಾಗಿನ ಹಾಗೆ ಅವನ ಕತ್ತು ಒಂದು ಕಡೆಗೆ ವಾಲಿತು.

"ಗೋಧಿ ತೆನೆಯ ಮೀಸೆ ಇದು," ಅಂದ. "ಇದು ನಮ್ಮ ಕಡೆಯ ಗೋಧಿ, ಬಿಳಿ ಮೀಸೆ. ಆದ್ರೆ ಇದು ನೋಡು. ಕಪ್ಪು. ಕಪ್ಪು ಮೀಸೆಯ ಗೋಧಿ ನೆಬ್ರಾಸ್ಕಾದಲ್ಲಿ ಎಲ್ಲಿದೆ? ಅದು ಶಾವಿಗೆ ಮಾಡೋ ಗಟ್ಟಿ ಗೋಧಿ, ಮೇಲ್ಗಡೆ ನಾರ್ತ್ ಡಕೋಟಾದಲ್ಲಿ ಬೆಳೆಯೋದು. ಎರಡೂ ಒಂದೇ ಗಾಡೀಲಿ ಹೇಗೆ..." ಅವನು ಎಳೆಯನ್ನು ಮತ್ತೆ ಬೆಳಕಿಗೆ ಹಿಡಿದ. ಕಣ್ಣು ಅಗಲವಾಯಿತು. "ಕಟಾವಿನವರು! ಆರ್ಡಿಸ್, ಇದು ಕಟಾವಿನ ತಂಡದ ಗಾಡಿ. ಟೆಕ್ಸಾಸಲ್ಲಿ ಗೋಧಿ ಮಾಗಿದಾಗ ಶುರು ಮಾಡಿ, ಯಂತ್ರಗಳನ್ನ ಲಾರಿ ಮೇಲೆ ಹೇರ್ಕೊಂಡು, ಊರೂರು ಕೊಯ್ದುಕೊಂಡು ಕೆನಡಾ ಗಡಿವರೆಗೂ ಹೋಗ್ತಾರಲ್ಲ, ಅವರು. ನಮ್ಮ ಗೋದಾಮಿಗೂ ಪ್ರತಿ ವರ್ಷ ಬರೋರು. ಅವರ ಜೊತೆ ಒಬ್ಬಳು ಅಡುಗೆಯವಳು ಇರ್ತಾಳೆ, ಇಂಥದೇ ಗಾಡೀಲಿ."

ಆರ್ಡಿಸ್ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಮದುವೆಯಾದಂದಿನಿಂದ ಅವನು ಕೂದಲಿನಷ್ಟು ಸಣ್ಣ ವಸ್ತುವಿನ ಬಗ್ಗೆ ಇಷ್ಟು ಉದ್ದ ಮಾತಾಡಿದ್ದು ಅವಳು ಕೇಳಿರಲಿಲ್ಲ.

"ಡ್ವೇನ್‌ಗೆ ಫೋನ್ ಮಾಡು," ಅಂದ ವರ್ಜಿಲ್. "ಈಗಲೇ ಮಾಡು. ಯಾವ ತಂಡ ಅಂತ ಕೇಳು. ನಾನು ಅವರ ಲಾರಿ ತೂಗಿಸಿರ್ತೀನಿ."

"ಹೀಟರ್ ಜೋಡಿಸಿ ಆಮೇಲೆ ಫೋನ್ ಮಾಡ್ರಪ್ಪ," ಅಂದಳು ಇನೇಜ್. "ನನಗೆ ಚಳಿ ಆಗ್ತಿದೆ."

ಆ ತೆಳು ತಗಡನ್ನು ಬ್ರಶ್ಶಿನಿಂದ ಒರೆಸಿ, ಬೆರಳ ತುದಿಯಿಂದ ಮುಟ್ಟಿದರೆ ಅದು ರೆಪ್ಪೆಯಂತೆ ಹಗುರಾಗಿ ಎದ್ದು ಬೀಳುತ್ತಿತ್ತು. ಪೆಟ್ಟಿಗೆಯನ್ನು ಒಳಗೆ ಸೇರಿಸಿ, ಕಿಟಕಿ ತೆರೆದಿಟ್ಟು, ಸಾಬೂನು ನೊರೆಯ ಪರೀಕ್ಷೆ ಮುಗಿಸಿ ಗುಂಡಿ ತಿರುಗಿಸಿದರು. ಟಕ್. ಫ್ಯಾನು. ಮೂವರೂ ಜಾಲರಿಯ ಕಡೆ ಬಗ್ಗಿದರು. ಟಿಕ್. ಚಟಪಟ. ಭುಸ್. ಮೊದಲು ಸುಟ್ಟ ಧೂಳಿನ ವಾಸನೆ, ಆಮೇಲೆ ಕಾಲ ಬಳಿ ಬಿಸಿ ಗಾಳಿ. ವರ್ಜಿಲ್ ಒಂದೊಂದಾಗಿ ಎರಡೂ ಕೋಟು ಬಿಚ್ಚಿದ. ಇನೇಜ್ ಶೂ ಕಳಚಿ ಕಾಲನ್ನು ಜಾಲರಿಗೆ ಒಡ್ಡಿದಳು.

ಡ್ವೇನ್‌ಗೆ ಹೆಚ್ಚೇನೂ ತಿಳಿದಿರಲಿಲ್ಲ. "ಅತ್ತೆ ಎಲ್ಲೆಲ್ಲೋ ತಿರುಗ್ತಾ ಇದ್ರು. ಅವರನ್ನೇ ಕೇಳಿ, ಚೆನ್ನಾಗೇ ಇದಾರೆ. ಆದ್ರೆ ಮಾತು ಶುರು ಮಾಡಿದ್ರೆ ನಿಲ್ಲಿಸಲ್ಲ, ನನ್ನನ್ನ ದೂರಬೇಡಿ," ಎಂದು ನಂಬರು ಕೊಟ್ಟ.

ಆ ಅತ್ತೆಯ ಹೆಸರು ಲವೋನ್ ಸ್ಟ್ರೀಬಿ. ಕಾನ್ಸಸ್‌ನಲ್ಲಿ, ಮಗಳ ಮನೆಯ ಪಕ್ಕದ ಪುಟ್ಟ ಮನೆಯಲ್ಲಿ ಇದ್ದಳು. ಆರ್ಡಿಸ್ ಫೋನಿನಲ್ಲಿ ತಾನು ಯಾರು ಎಂದು ಹೇಳಿ, ಹೀಟರಿನಲ್ಲಿ ಸಿಕ್ಕ ಕೂದಲಿನ ವಿಷಯ ಹೇಳಿದಾಗ ಆ ಕಡೆಯಿಂದ ನಗು ಕೇಳಿತು, ಕೆಮ್ಮಿನವರೆಗೂ ಹೋಗುವ ನಗು.

"ಅಯ್ಯೋ, ನಮ್ಮ ಹುಡುಗರದು! ಮಳೆ ಬಂದ್ರೆ ಕೊಯ್ಯೋ ಹಾಗಿಲ್ಲ. ಸುಮ್ನೆ ಕೂತ್ರೆ ಜಗಳ ಆಡ್ತಾರೆ. ಅದಕ್ಕೆ ಮಳೆ ಬಂದಾಗೆಲ್ಲ ಒಬ್ಬೊಬ್ಬನನ್ನೇ ಒಳಗೆ ಕರೆದು ಮೇಜಿನ ಪಕ್ಕ ಕೂರಿಸಿ ಕೂದಲು ಕತ್ತರಿಸ್ತಿದ್ದೆ. ಕಲಿತಿರಲಿಲ್ಲ ನಾನು. ಎಲ್ಲರಿಗೂ ಒಂದೇ ಥರ, ಬೋಗುಣಿ ಮಗುಚಿದ ಹಾಗೆ. ಊರಿನ ಜನ ನಮ್ಮ ತಂಡನ ದೂರದಿಂದಲೇ ಗುರುತಿಸೋರು. ಗುಡಿಸಿದ್ದು ಗುಡಿಸಿದಷ್ಟು, ಉಳಿದಿದ್ದು ಆ ಜಾಲರಿಯೊಳಗೆ ಹೋಗಿರಬೇಕು."

ವರ್ಜಿಲ್ ಫೋನಿಗಾಗಿ ಕೈ ಚಾಚಿಕೊಂಡೇ ನಿಂತಿದ್ದ.

ಮಾರ್ಚ್ ಕೊನೆಯಲ್ಲಿ ಊರಿಗೆ ಮರಳುವಾಗ ಅವರು ದಾರಿ ಬಿಟ್ಟು ಲವೋನಳ ಮನೆಗೆ ಹೋದರು. ಇನೇಜ್ ಕೊಟ್ಟುಕಳಿಸಿದ ಒಣ ಮೆಣಸಿನಕಾಯಿಯ ಸರ ಅವಳಿಗೆ ಕೊಡಲೆಂದು ಗಾಡಿಯ ಕನ್ನಡಿಗೆ ತೂಗುಬಿದ್ದಿತ್ತು. ಲವೋನ್ ದಪ್ಪನೆಯ ಹೆಂಗಸು, ಮಂಡಿನೋವು. ಆದರೂ ಯಾರ ಕೈಯನ್ನೂ ಹಿಡಿಯದೆ ಗಾಡಿಯ ಮೆಟ್ಟಿಲು ಹತ್ತಿ ಒಳಗೆ ಬಂದು ಕಿತ್ತಳೆ ಪರದೆ ಮುಟ್ಟಿ ನೋಡಿ, "ಥೂ, ಇನ್ನೂ ಇದೇನಾ? ನಾನೇ ಹೊಲಿದದ್ದು. ಆಗಲೂ ಚೆನ್ನಾಗಿರಲಿಲ್ಲ," ಅಂದಳು. ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಕೈಯಿಟ್ಟು ಥಂಡಿಯನ್ನು ಸವಿದಳು. ಆಮೇಲೆ ಮೇಜಿನ ಬಳಿ ಕೂತಳು.

ವರ್ಜಿಲ್ ಎದುರಿಗೆ ಕೂತ. ಅಷ್ಟೇ. ಮಾತು ಶುರುವಾಯಿತು: ಲಾರಿಗಳು, ಅವನ್ನು ತೂಗುವ ವೇ-ಬ್ರಿಜ್ಜು, ಆಲಿಕಲ್ಲು ಬಿದ್ದ ವರ್ಷ, ಗೋದಾಮಿನ ಮುಂದೆ ಮೈಲುದ್ದ ಸಾಲು ನಿಂತ ವರ್ಷ. ಅವಳ ತಂಡದ ಕೆಂಪು ಲಾರಿ ತನಗೆ ಚೆನ್ನಾಗಿ ನೆನಪಿದೆ ಎಂದು ಅವನು, ಅದು ಹಸಿರು ಬಣ್ಣದ್ದು ಎಂದು ಅವಳು. ಆರ್ಡಿಸ್ ಕಾಫಿ ಮಾಡಿದಳು, ಏಪ್ರಿಕಾಟ್ ತುಂಬಿದ ಬನ್ನು ಬಿಸಿ ಮಾಡಿದಳು, ಬಾಯಿ ತೆರೆದಳು, ಮುಚ್ಚಿದಳು. ತಾನು ಕೇಳಬೇಕೆಂದಿದ್ದ ಪ್ರಶ್ನೆಗಳನ್ನೆಲ್ಲ ಗಂಡನೇ ಕೇಳುತ್ತಿದ್ದ. ಅವನು ಎರಡನೆಯ ಬನ್ನಿಗೆ ಬಾಯಿ ಹಾಕಿದಾಗ ಮಾತ್ರ ಅವಳಿಗೆ ಸಂದು ಸಿಕ್ಕಿತು.

"ಲವೋನ್, ಒಂದು ಮಾತು. ಈ ಹೀಟರ್ ನಿಮ್ಮ ಕಾಲದಲ್ಲೇ ಕೆಟ್ಟಿರಬೇಕು. ಡಕೋಟಾದಲ್ಲಿ ಸೆಪ್ಟೆಂಬರಿಗೇ ಚಳಿ ಕಚ್ಚುತ್ತೆ. ಒಂದು ಸಲಾನೂ ಬಿಚ್ಚಿ ನೋಡಲಿಲ್ವಾ? ಒಳಗೆ ಏನಾಗಿದೆ ಅಂತ ಅನ್ನಿಸ್ಲೇ ಇಲ್ವಾ?"

ಲವೋನ್ ಅವಳನ್ನು ಮರುಕದಿಂದ ನೋಡಿದಳು.

"ಇಲ್ಲಮ್ಮ. ಬೆಳಗಾದ್ರೆ ಹದಿನಾಲ್ಕು ಜನಕ್ಕೆ ತಿಂಡಿ ಆಗಬೇಕು. ಓವನ್ ಬಾಗಿಲು ತೆಗೆದಿಡ್ತಿದ್ದೆ, ಗಾಡಿ ತಾನಾಗೇ ಬೆಚ್ಚಗಾಗೋದು." ಅಷ್ಟು ಹೇಳಿ ಅವಳು ವರ್ಜಿಲನ ಕಡೆ ತಿರುಗಿದಳು. "ಹಸಿರು ಲಾರಿ ಅಂದೆನಲ್ಲ, ಒಂದು ಸಲ ಅದರ ಬ್ರೇಕು ನಿಮ್ಮೂರಿನ ವೇ-ಬ್ರಿಜ್ಜಿನ ಮೇಲೇ ಹೋಯ್ತು. ಆವತ್ತು ಆಫೀಸಿನ ಕಿಟಕಿಯಿಂದ ಹೊರಗೆ ಜಿಗಿದೋರು ನೀವೇನಾ?"

ವರ್ಜಿಲ್ ಬನ್ನು ಕೆಳಗಿಟ್ಟ. ಆರ್ಡಿಸ್ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು.

"ಕಿಟಕಿಯಿಂದ ಜಿಗಿದ್ಯಾ?" ಅಂದಳು. "ಯಾವಾಗ?"